‘ರಾಜ್ಯ ಪ್ರಾಯೋಜಿತ’ ಸೈಬರ್ ಬೇಹುಗಾರಿಕೆ: ಯಾವ ರಾಜ್ಯ?

ಕಾರವಾರದ ಕದಂಬ ನೌಕಾನೆಲೆಯ ಸುತ್ತಲಿನ ಊರುಗಳಿಗಾಗಿ ಸೈಬರ್ ಬೇಹುಗಾರಿಕೆಯ ಬಗ್ಗೆ ಒಂದು ಎಚ್ಚರಿಕೆಯ ಕರಪತ್ರ ಬರೆಯುತ್ತಿದ್ದೇನೆ. ನೆಲೆಯ ಮಾಹಿತಿಯನ್ನು ಪಾಕಿಸ್ತಾನಕ್ಕೆ ರವಾನಿಸಿದ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳವು ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಅಂದಿನಿಂದ ಅರ್ಗಾ, ಬಿಣಗಾ, ಅಮದಳ್ಳಿ ಕಡೆಯ ಮನೆಮನೆಗೂ ತಿಳಿಯುವ ಕನ್ನಡದಲ್ಲಿ ಇಂಥದ್ದೊಂದು ಇರಲೇಬೇಕು ಎಂಬ ಹಟ ನನ್ನದು. ಎರಡು ಪದಗಳು ಕೈಕಟ್ಟಿವೆ.

ಮೊದಲನೆಯದು ‘ಸ್ಟೇಟ್ ಸ್ಪಾನ್ಸರ್ಡ್’, ಅಂದರೆ ಒಂದು ದೇಶದ ಸರ್ಕಾರವೇ ಹಿಂದೆ ನಿಂತದ್ದು. ಪತ್ರಿಕೆಗಳಲ್ಲಿ ‘ರಾಜ್ಯ ಪ್ರಾಯೋಜಿತ’ ಎಂದು ಕಾಣುತ್ತದೆ. ಕನ್ನಡಿಗನಿಗೆ ರಾಜ್ಯವೆಂದರೆ ಕರ್ನಾಟಕ, ರಾಜ್ಯ ಸರ್ಕಾರವೆಂದರೆ ವಿಧಾನಸೌಧ. ಇನ್ನು ಪ್ರಾಯೋಜಕರು ಎಂದರೆ ಕ್ರಿಕೆಟ್ ಪಂದ್ಯಕ್ಕೆ, ಯಕ್ಷಗಾನಕ್ಕೆ ಹಣ ಕೊಟ್ಟು ಬ್ಯಾನರ್ ಮೇಲೆ ಹೆಸರು ಹಾಕಿಸಿಕೊಳ್ಳುವವರು. ಬೇಹಿಗೆ ಹಣ ಸುರಿಯುವ ಸರ್ಕಾರ ಹೆಸರನ್ನೇ ಮುಚ್ಚಿಡುತ್ತದೆ. ‘ಕುಮ್ಮಕ್ಕು’ ಚೆನ್ನಾಗಿದೆ, ಆದರೆ ಅದು ಬೆನ್ನು ತಟ್ಟುವುದಷ್ಟೇ. ಸಂಬಳ, ಕಟ್ಟಡ, ಯಂತ್ರ ಅದರಲ್ಲಿ ಬರುವುದಿಲ್ಲ. 2013ರಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮ್ಯಾಂಡಿಯಂಟ್ ಒಂದು ಕನ್ನಗಾರರ (ಹ್ಯಾಕರ್‌ಗಳ) ತಂಡವನ್ನು ಚೀನಾ ಸೇನೆಯ 61398ನೇ ಘಟಕವೆಂದೇ ಗುರುತಿಸಿತು. ಅಲ್ಲಿ ಬೆಂಬಲಿಸುವವರೂ ಮಾಡುವವರೂ ಬೇರೆಬೇರೆಯಲ್ಲ. ‘ಪ್ರಭುತ್ವ ಬೆಂಬಲಿತ’ ಅರ್ಥಕ್ಕೆ ಹತ್ತಿರವಾದರೂ ಸೆಮಿನಾರಿನ ಮಾತಿನಂತಿದೆ. ಸದ್ಯಕ್ಕೆ ‘ಪರದೇಶದ ಸರ್ಕಾರ ನಡೆಸುವ ಅಥವಾ ನಡೆಸಿಸುವ’ ಎಂದು ಬಿಡಿಸಿ ಬರೆದಿದ್ದೇನೆ.

‘ಬೇಹುಗಾರಿಕೆ’ಯ ಬಗ್ಗೆ ನನಗೆ ತಕರಾರಿಲ್ಲ. ತೆಲುಗಿನ ವೇಗು, ತಮಿಳಿನ ವೇವು ಇದರ ಒಡಹುಟ್ಟುಗಳು. ‘ಗೂಢಚರ’ದಲ್ಲಿ ಚರ, ಅಂದರೆ ಸಂಚರಿಸುವವನು, ಇದ್ದಾನೆ, ಕಂಪ್ಯೂಟರಿನ ಬೇಹುಗಾರ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಇದನ್ನು ‘ಸೈಬರ್ ದಾಳಿ’ ಎಂದು ಬರೆಯುವುದನ್ನಂತೂ ದಯವಿಟ್ಟು ನಿಲ್ಲಿಸಬೇಕು. ದಾಳಿಯಾದರೆ ಏನಾದರೂ ಕೆಡುತ್ತದೆ, ನಿಲ್ಲುತ್ತದೆ, ಗೊತ್ತಾಗುತ್ತದೆ. ಬೇಹಿನಲ್ಲಿ ಫೋನು ಎಂದಿನಂತೆಯೇ ಇರುತ್ತದೆ. ಜನ ಮೋಸ ಹೋಗುವುದೇ ಅಲ್ಲಿ.

ಎರಡನೆಯದು ‘ಸ್ಪಿಯರ್ ಫಿಶಿಂಗ್’, ಅಂದರೆ ಆಯ್ದವರನ್ನೇ ಗುರಿಯಿಟ್ಟು, ನಂಬುವಂತೆ ನಟಿಸಿ ಮಾಡುವ ಆನ್‌ಲೈನ್ ಮೋಸ. ಪಾಕಿಸ್ತಾನದ ನಂಟಿದೆ ಎನ್ನಲಾದ ಟ್ರಾನ್ಸ್‌ಪರೆಂಟ್ ಟ್ರೈಬ್ ಎಂಬ ತಂಡ 2022ರಲ್ಲಿ ‘ಕವಚ್’ ಆ್ಯಪಿನ ನಕಲಿಯನ್ನು ಹರಿಬಿಟ್ಟಿತ್ತು. ಕವಚ್ ಬೇಕಾಗುತ್ತಿದ್ದುದು ಸರ್ಕಾರಿ ಇಮೇಲ್ ಬಳಸುವವರಿಗೆ. ಊರಿಗೆಲ್ಲ ಬೀಸಿದ್ದಲ್ಲ, ಬೇಕಾದವರಿಗೇ ಇಟ್ಟದ್ದು. ನಕಲಿಯನ್ನು ಹಾಕಿಕೊಂಡವನ ಯಂತ್ರದ ಕಡತಗಳು ಎಲ್ಲೋ ಕುಳಿತವರಿಗೆ ತೆರೆದುಕೊಳ್ಳುತ್ತವೆ. ‘ಬಲೆ ಬೀಸಿದರು’ ಎಂದರೆ ನಮ್ಮ ಕರಾವಳಿಯವರಿಗೆ ರಂಪಣಿ ನೆನಪಾಗುತ್ತದೆ, ತಾರ್ಲೆ, ಬಂಗಡೆ ಎನ್ನದೆ ಸಿಕ್ಕಿದ್ದನ್ನೆಲ್ಲ ದಡಕ್ಕೆ ಎಳೆಯುವ ಬಲೆ. ಇದು ಗಾಳ, ಅದೂ ಮೀನನ್ನು ನೋಡಿ ಎರೆ ಆರಿಸಿದ ಗಾಳ. ಹಾಗಾಗಿ ‘ಗುರಿಗಾಳ’ ಎಂದು ಬರೆದುಕೊಂಡಿದ್ದೇನೆ.

ಕೇಳಬೇಕಾದದ್ದು ಇಷ್ಟು. ಇಂಥದ್ದೇ ಮೀನು ಬೇಕೆಂದು ಎರೆ ಕಟ್ಟಿ ಗಾಳ ಹಾಕುವುದಕ್ಕೆ ಅಂಕೋಲಾ, ಹೊನ್ನಾವರ, ಭಟ್ಕಳದ ಮೀನುಗಾರರಲ್ಲಿ ಬೇರೆ ಮಾತಿದೆಯೇ? ‘ರಾಜ್ಯ ಪ್ರಾಯೋಜಿತ’ಕ್ಕೆ ಬದಲಾಗಿ ಒಂದೇ ಉಸಿರಿನಲ್ಲಿ ಹೇಳಬಹುದಾದ ಪದವನ್ನು ಯಾರಾದರೂ ಬಳಸಿದ್ದೀರಾ? ಬಳಸಿದ ವಾಕ್ಯವನ್ನೇ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.