ಹಳೆ ಜೀಪಿಗೆ ಆರೂವರೆ ಇಂಚಿನ ಸ್ಪೀಕರ್: ಬಾಗಿಲು ಕೊಯ್ಯಬೇಕಾ, ಸ್ಪೀಕರ್ ಕೊಯ್ಯಬೇಕಾ?

ನಾಪೋಕ್ಲುವಿನಿಂದ ಪ್ರಶ್ನೆ:
ನಮ್ಮದು ಹಳೆ ಮಹೀಂದ್ರ ಜೀಪ್. ತಗಡಿನ ಬಾಗಿಲು, ಕೈಯಲ್ಲಿ ತಿರುಗಿಸಿ ಇಳಿಸುವ ಗ್ಲಾಸು. ಹಿಂದಿನ ಓನರ್ 5 ಇಂಚಿನ ಸ್ಪೀಕರಿಗೆ ತೂತು ಮಾಡಿಸಿದ್ದರು. ನಾನು ಆಸೆಗೆ ಬಿದ್ದು ಆರೂವರೆ ಇಂಚಿನ ಜೋಡಿ ತಂದೆ. ಈಗ ತೂತು ಸಣ್ಣದಾಯಿತು. ಸ್ಪೀಕರಿನ ಕಿವಿಗಳು (ಸ್ಕ್ರೂ ಹಾಕುವ ಚಾಚುಗಳು) ಬಾಗಿಲಿನ ಉಬ್ಬಿಗೆ ತಾಗುತ್ತವೆ, ಮ್ಯಾಗ್ನೆಟ್ ಗ್ಲಾಸಿಗೆ ಬಡಿಯುತ್ತದೆ. ಮಾಡಿ ನೋಡಿದವರು ಹೇಳಿ. ಕೈಲ್ ಪೊಳ್ದ್ ಹಬ್ಬದ ಒಳಗೆ ಮುಗಿಸಬೇಕು ಅಂತ ತಮ್ಮನ ಹಟ ಬೇರೆ.

ಸಿದ್ದಾಪುರದಿಂದ:
ಎರಡೂ ಬೇಡ ಅಣ್ಣ, ಕಟ್ಟರ್ ಕೆಳಗಿಡಿ. ನಾನು ಮೊದಲು ಕೊಯ್ದು ಆಮೇಲೆ ಅಳತೆ ತೆಗೆದವನು. ಆ ಬಾಗಿಲಿನಲ್ಲಿ ಇವತ್ತಿಗೂ ಒಂದು ಕಡೆ ತೇಪೆ ಇದೆ.

ನಿಮ್ಮ ಮೂರೂ ತೊಂದರೆಗೆ ಒಂದೇ ಮದ್ದು, ದಪ್ಪ ರಿಂಗ್. ಸ್ಪೀಕರಿನ ಬುಟ್ಟಿ ಮೇಲೆ ಅಗಲ, ಹಿಂದೆ ಹೋದ ಹಾಗೆ ಸಪೂರ. ರಿಂಗ್ ಇಟ್ಟು ಮುಂದಕ್ಕೆ ತಂದರೆ ಅಗಲದ ಭಾಗ ರಿಂಗಿನೊಳಗೇ ಉಳಿಯುತ್ತದೆ. ಸಪೂರ ಭಾಗ ಹಳೇ ತೂತಿನಲ್ಲಿ ಹೆಚ್ಚಿನ ಸಲ ಸಲೀಸಾಗಿ ಹೋಗುತ್ತದೆ. ಕಿವಿ ಉಬ್ಬಿನ ಮೇಲೆ ನಿಲ್ಲುತ್ತದೆ, ಮ್ಯಾಗ್ನೆಟ್ಟೂ ಗ್ಲಾಸಿನಿಂದ ದೂರ ಬರುತ್ತದೆ.

ಎಷ್ಟು ದಪ್ಪ ಅಂದರೆ, ಗ್ಲಾಸ್ ಪೂರ್ತಿ ಇಳಿಸಿ ತೂತಿನೊಳಗೆ ಸ್ಕೇಲ್ ಬಿಡಿ. ನನ್ನದರಲ್ಲಿ ತಗಡಿನಿಂದ ಗ್ಲಾಸಿಗೆ 45 ಮಿ.ಮೀ. ಇತ್ತು. ಸ್ಪೀಕರಿನ ಆಳ 62. ಲೆಕ್ಕಕ್ಕೆ 20ರ ರಿಂಗ್ ಸಾಕು ಅಂತ ಹಾಕಿದೆ, ಉಳಿದದ್ದು ಮೂರೇ ಮಿ.ಮೀ. ಅಂಗಳದಲ್ಲಿ ಸರಿ ಇತ್ತು. ತೋಟದ ಕಲ್ಲು ರಸ್ತೆಗೆ ಇಳಿದ ಕೂಡಲೇ ಗ್ಲಾಸ್ ಕುಲುಕಿ ಟಕ್ ಟಕ್ ಶುರು. ಮತ್ತೆ ಬಿಚ್ಚಿ 24 ಮಾಡಿದೆ.

ಸ್ಕೇಲ್ ಮೇಲೆ ನಂಬಿಕೆ ಇಲ್ಲದಿದ್ದರೆ ಇನ್ನೊಂದು ಉಪಾಯ. ಮ್ಯಾಗ್ನೆಟ್ ಬೆನ್ನಿಗೆ ಅಕ್ಕಿ ರೊಟ್ಟಿ ಹಿಟ್ಟಿನ ಉಂಡೆ ಅಂಟಿಸಿ. ರಿಂಗ್ ಸಮೇತ ಸ್ಪೀಕರ್ ಇಟ್ಟು ಗ್ಲಾಸ್ ಒಮ್ಮೆ ಮೇಲೆ ಕೆಳಗೆ ಮಾಡಿ ತೆಗೆಯಿರಿ. ಹಿಟ್ಟು ಎಷ್ಟು ಚಪ್ಪಟೆಯಾಗಿದೆ ನೋಡಿದರೆ ಉಳಿದ ಜಾಗ ತಿಳಿಯುತ್ತದೆ. ಗ್ಲಾಸ್ ಅರ್ಧ ಇಳಿದಾಗ ಅದನ್ನು ಎತ್ತಿಳಿಸುವ ಒಳಗಿನ ಕಂಬಿಯೂ ಅಡ್ಡ ಬರುತ್ತದೆ, ಅದನ್ನು ಮರೆಯಬೇಡಿ. ಹೊರಗಡೆ ಗ್ಲಾಸ್ ತಿರುಗಿಸುವ ಹ್ಯಾಂಡಲ್ ಸ್ಪೀಕರ್ ಜಾಲರಿಗೆ ತಾಗಬಾರದು, ನಿಮ್ಮ ಮೊಣಕಾಲೂ ತಾಗಬಾರದು.

ರಿಂಗ್ ಯಾವುದರದ್ದು ಅನ್ನೋದೇ ನಮ್ಮ ಊರಿನಲ್ಲಿ ದೊಡ್ಡ ವಿಷಯ. ನನಗೆ ಮೊದಲ ಸಲ ಅಂಗಡಿಯಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿ ಕೊಟ್ಟರು. ನೋಡೋಕೆ ಚೆಂದ. ಜೂನ್ ಬಂತು, ಆಗಸ್ಟ್ ಹೊತ್ತಿಗೆ ಹಾಲಲ್ಲಿ ಅದ್ದಿದ ರಸ್ಕ್ ಥರ ಉಬ್ಬಿತು. ಸ್ಕ್ರೂ ಹಿಡಿತ ಬಿಟ್ಟು ಸ್ಪೀಕರ್ ವೈರಿನಲ್ಲಿ ನೇತಾಡುತ್ತಿತ್ತು. ಎರಡನೇ ಸಲ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ ತಂದೆ. 12 ಮಿ.ಮೀ.ದು ಎರಡು ಜೋಡಿಸಿ ಜಿಗ್‌ಸಾದಲ್ಲಿ ಕೊಯ್ದೆ. ನೀರಿಗೆ ಜಪ್ಪಯ್ಯ ಅನ್ನುವುದಿಲ್ಲ. ಆದರೆ ಅದಕ್ಕೆ ಗಮ್ ಹಿಡಿಯುವುದಿಲ್ಲ, ಬೋಲ್ಟ್ ಹಾಕಿಯೇ ಕೂರಿಸಬೇಕು. ಹಿಂದೆ ಅಗಲ ವಾಷರ್ ಇರಲಿ. ತಗಡಿಗೆ ಬರೀ ಸ್ಕ್ರೂ ಹೊಡೆದರೆ ನಮ್ಮ ರಸ್ತೆಯಲ್ಲಿ ಸಡಿಲವಾಗುತ್ತದೆ.

ರಿಂಗ್ ಮತ್ತು ತಗಡಿನ ನಡುವೆ ಫೋಮ್ ಟೇಪ್ ಸುತ್ತ ಬರಲೇಬೇಕು. ಯಾಕೆ ಅಂತ ನೋಡಬೇಕಾದರೆ ಸ್ಪೀಕರ್ ಕೈಯಲ್ಲಿ ಹಿಡಿದು ಹಾಡು ಹಾಕಿ. ಬೇಸ್ ಇರುವುದೇ ಇಲ್ಲ. ರಟ್ಟಿನ ಡಬ್ಬಕ್ಕೆ ತೂತು ಮಾಡಿ ಅದರಲ್ಲಿ ಕೂರಿಸಿ, ತಟ್ಟನೆ ಬರುತ್ತದೆ. ಸ್ಪೀಕರಿನಲ್ಲಿ ನಡುಗುವ ಕೋನಿನ ಹಿಂದಿನ ಗಾಳಿ ಮುಂದಿನದನ್ನು ತಿಂದುಹಾಕುತ್ತದೆ, ಸಂದು ಉಳಿದರೆ ಬಾಗಿಲಿನಲ್ಲೂ ಅದೇ ಗತಿ.

ಮಡಿಕೇರಿಯಿಂದ:
ಮೇಲಿನವರು ಹೇಳಿದ್ದು ಸರಿ, ನೀರಿನ ಬಗ್ಗೆ ಇನ್ನೊಂದು ಮಾತು. ಗ್ಲಾಸಿನ ರಬ್ಬರ್ ಎಷ್ಟೇ ಹೊಸದಿರಲಿ, ಬಾಗಿಲಿನೊಳಗೆ ಮಳೆ ನೀರು ಇಳಿದೇ ಇಳಿಯುತ್ತದೆ. ಹಳೇ ಲಾರಿ ಟ್ಯೂಬ್ ಕತ್ತರಿಸಿ ಸ್ಪೀಕರ್ ಮೇಲ್ಗಡೆ ಮಾಡಿನ ಹಾಗೆ ಇಳಿಜಾರಾಗಿ ಸಿಕ್ಕಿಸಿದ್ದೇನೆ. ಬಾಗಿಲ ಅಡಿಯಲ್ಲಿ ನೀರು ಹೋಗುವ ತೂತುಗಳಿರುತ್ತವೆ. ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸುವ ಭರದಲ್ಲಿ ಅವನ್ನು ಮುಚ್ಚಿಬಿಟ್ಟೀರಿ, ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ಕಾಗದದ ಕೋನಿನ ಸ್ಪೀಕರ್ ಆದರೆ ನಮ್ಮ ಕಡೆ ಕಷ್ಟ, ಪ್ಲಾಸ್ಟಿಕ್ ಕೋನಿಂದೇ ವಾಸಿ.

ಸುಂಟಿಕೊಪ್ಪದಿಂದ:
ಕಿವಿ ಕೊಯ್ದವನು ನಾನು! ನನ್ನ ಪಿಕಪ್ಪಿನಲ್ಲಿ ರಿಂಗಿಗೆ ಜಾಗವೇ ಇರಲಿಲ್ಲ. ವಾರಂಟಿ ಹೋಯಿತು ಅಂತ ಮೊದಲೇ ಒಪ್ಪಿಕೊಂಡು ಕೈ ಹಾಕಿ. ಕೋನ್, ಮ್ಯಾಗ್ನೆಟ್ ಎರಡಕ್ಕೂ ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಾಕಿ. ಕಬ್ಬಿಣದ ಪುಡಿ ಒಳಗೆ ಸೇರಿದರೆ ಕಾಯಿಲ್ ಕೆರೆಯುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಗ್ರೈಂಡರ್ ಬೇಡ, ಬಿಸಿಗೆ ಅಂಚಿನ ಗಮ್ ಬಿಡುತ್ತದೆ. ಹ್ಯಾಕ್ಸಾದಲ್ಲಿ ನಿಧಾನ ಕೊಯ್ದು ಅರದಲ್ಲಿ ಉಜ್ಜಿ. ಕಿವಿ ಹೋದ ಮೇಲೆ ಸ್ಕ್ರೂಗೆ ಜಾಗ ಇಲ್ಲ, ಅದಕ್ಕೆ ಮೇಲಿಂದ ತೆಳು ಪಟ್ಟಿಯ ರಿಂಗ್ ಒತ್ತಿ ಹಿಡಿಸಿದೆ.

ಮತ್ತೆ, ಮುಚ್ಚುವ ಮೊದಲು ಸ್ಪೀಕರ್ ವೈರಿಗೆ 1.5 ವೋಲ್ಟಿನ ಸೆಲ್ ಕ್ಷಣ ತಾಗಿಸಿ ನೋಡಿ. ಪ್ಲಸ್‌ಗೆ ಪ್ಲಸ್ ಸಿಕ್ಕಿದರೆ ಕೋನ್ ಹೊರಗೆ ಬರುತ್ತದೆ. ಒಂದು ಬಾಗಿಲಿನದು ಹೊರಗೆ, ಇನ್ನೊಂದರದು ಒಳಗೆ ಹೋದರೆ ವೈರ್ ಅದಲು ಬದಲಾಗಿದೆ ಅಂತ ಅರ್ಥ.

ಸಿದ್ದಾಪುರದಿಂದ ಮತ್ತೆ:
ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಸೌಂಡ್ ಸ್ವಲ್ಪ ಕಮ್ಮಿ ಇಡಿ ಮಾರಾಯ್ರೆ. ನಮ್ಮ ಕಡೆ ಆನೆ ಕೊಂಬೆ ಮುರಿಯುವ ಶಬ್ದ ಮೊದಲು ಕೇಳಬೇಕು.

ನಾಪೋಕ್ಲುವಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹಿಟ್ಟಿನ ಉಂಡೆ ಇಟ್ಟು ನೋಡಿದೆ, ಅಮ್ಮ ಬೈದರು. ಎಡ ಬಾಗಿಲಿನಲ್ಲಿ ಜಾಗ ಆರಾಮಾಗಿದೆ. ಬಲ ಬಾಗಿಲಿನಲ್ಲಿ ಉಂಡೆ ಕಾಗದದಷ್ಟು ತೆಳ್ಳಗಾಯಿತು. ಗ್ಲಾಸಿನ ಕಂಬಿಯೇ ಸೊಟ್ಟ ಇದೆ ಅಂತ ಆಗ ಕಂಡಿತು. ನಾಳೆ ಮೊದಲು ಅದನ್ನು ಬಿಚ್ಚುತ್ತೇನೆ. ಹಲಗೆ ಸಂತೆಯಲ್ಲಿ ತಂದಾಯಿತು.