ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಉಳಿಸಿಕೊಂಡ ಪರಿಚಯ ಕಷ್ಟಕಾಲಕ್ಕೆ ಆಗುತ್ತಾ?

ಇಳಕಲ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇಳಕಲ್ ಸೀರೆ ನೇಯುತ್ತೇವೆ. ಡಿಗ್ರಿ ಮುಗಿದ ಮೇಲೆ ಗೆಳತಿಯರು ಪುಣೆ, ಹುಬ್ಬಳ್ಳಿ, ಬೆಂಗಳೂರು ಅಂತ ಚದುರಿ ಹೋದರು. ನಾನು ಮಾತು ಬಿಟ್ಟಿಲ್ಲ. ಒಬ್ಬಳ ಮಗುವಿನ ಫೋಟೋ ಬಂದರೆ ನಾಲ್ಕು ಸಾಲು ಬರೆಯುತ್ತೇನೆ, ಇನ್ನೊಬ್ಬಳ ಪರೀಕ್ಷೆ ಹೇಗಾಯ್ತು ಅಂತ ಕೇಳುತ್ತೇನೆ. ಅಪ್ಪಾಜಿಗೆ ಇದು ಸುಮ್ನೆ ಹೊತ್ತು ಹಾಳು. ನಿಜವಾಗಿ ಇದರಿಂದ ಏನಾದರೂ ಉಪಯೋಗ ಇದೆಯಾ? ಗೊತ್ತಿದ್ದವರು ಹೇಳ್ರಿ.

ಬೆಳಗಾವಿ ಮೇಷ್ಟ್ರು:
ಇದೆ ತಂಗಿ. ಇದಕ್ಕೆ ಸಾಮಾಜಿಕ ಬಂಡವಾಳ ಅಂತಾರೆ. ಪರಿಚಯ, ನಂಬಿಕೆ, ಒಬ್ಬರಿಗೊಬ್ಬರು ಆಗೋದು, ಎಲ್ಲಾ ಸೇರಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದರು: ಹೊಸ ಸುದ್ದಿ ಹೆಚ್ಚಾಗಿ ಬರೋದು ದೂರದ ಪರಿಚಯದವರಿಂದ, ಏಕೆಂದರೆ ಹತ್ತಿರದವರಿಗೆ ಗೊತ್ತಿರೋದು ನಮಗೂ ಗೊತ್ತೇ ಇರುತ್ತದೆ. 2007ರಲ್ಲಿ ಸಂಶೋಧಕಿ ನಿಕೋಲ್ ಎಲಿಸನ್ ಮತ್ತು ಜೊತೆಗಾರರು ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಫೇಸ್‌ಬುಕ್ ಜಾಸ್ತಿ ಬಳಸುವವರಲ್ಲಿ ಇಂಥ ದೂರದ ಪರಿಚಯಗಳ ಬಲವೂ ಜಾಸ್ತಿ ಕಂಡಿತು. ಫೇಸ್‌ಬುಕ್‌ನಿಂದಲೇ ಅದು ಬಂತು ಅಂತ ಸಾಬೀತಾಗಲಿಲ್ಲ, ಅದೂ ನಿಜ. ಆದರೆ ಇದೇ ಎಲಿಸನ್ ತಂಡ 2014ರಲ್ಲಿ ನೋಡಿದ್ದು ಸರಿಯಾಗಿ ನೀವು ಮಾಡ್ತಿರೋದನ್ನೇ: ಕೇಳಿದ್ದಕ್ಕೆ ಉತ್ತರ ಕೊಡೋದು, ಖುಷಿ ಸುದ್ದಿಗೆ ಅಭಿನಂದನೆ, ದುಃಖಕ್ಕೆ ಸಮಾಧಾನದ ಮಾತು. ಅಂಥವರಲ್ಲಿ ಈ ಬಂಡವಾಳ ಹೆಚ್ಚಿತ್ತು.

ವಿಜಯಪುರದವ:
ನಮ್ಮ ಗ್ರೂಪಿನಲ್ಲಿ ಬೆಳಗಾದರೆ ಶುಭೋದಯದ ಹೂವಿನ ಚಿತ್ರ, ಮಧ್ಯಾಹ್ನ ಫಾರ್ವರ್ಡ್. ಒಬ್ಬರೂ ಒಬ್ಬರನ್ನ ಹೆಸರು ಹಿಡಿದು ಕೇಳಲ್ಲ. ಇದರಿಂದ ಯಾವ ಸಂಬಂಧ ಬೆಳೀತದ್ರಿ?

ರಾಮದುರ್ಗ ಕಡೆಯವನು:
ಅಣ್ಣಾ, ಅದಕ್ಕೇ ನಾನು ಗ್ರೂಪಿಗಿಂತ ಒಬ್ಬೊಬ್ಬರಿಗೇ ಬರೆಯೋದು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನೀರು ಊರೊಳಗೆ ಬಂದಾಗ ದನಗಳಿಗೆ ಮೇವಿಲ್ಲ, ನೆರೆ ಪರಿಹಾರ ಕೇಂದ್ರದಲ್ಲಿ ಹಾಸಿಗೆ ಸಾಲದು. ಆಗ ಫೋನಿನಲ್ಲಿದ್ದ ಪ್ರತಿಯೊಬ್ಬರಿಗೂ ಏನು ಬೇಕು, ಎಲ್ಲಿಗೆ ಬೇಕು, ಯಾವ ರಸ್ತೆ ತೆರೆದಿದೆ ಅಂತ ಬರೆದು ಹಾಕಿದೆ. ಮೊದಲು ಮೇವಿನ ಟ್ರ್ಯಾಕ್ಟರ್ ಕಳಿಸಿದವನು ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ವರ್ಷಗಟ್ಟಲೆ ಮುಖ ನೋಡಿರಲಿಲ್ಲ. ಆದರೆ ಅವನ ತಾಯಿ ಆಸ್ಪತ್ರೆಯಲ್ಲಿದ್ದಾಗ ನಾನು ದಿನಾ ವಿಚಾರಿಸುತ್ತಿದ್ದೆ, ಅದನ್ನ ಅವನು ಮರೆತಿರಲಿಲ್ಲ.

ಇಳಕಲ್ ಹುಡುಗಿ:
ಓದಿ ಕಣ್ಣು ತುಂಬಿ ಬಂತು ಅಣ್ಣಾ. ಒಂದು ಕೇಳಲಾ? ಈ ಪರಿಚಯದವರಿಗೆ ನಮ್ಮ ಸೀರೆ ಬಗ್ಗೆ ಹೇಳಿದರೆ ತಪ್ಪಾಗಿ ತಿಳ್ಕೊಳ್ತಾರಾ?

ಬೆಳಗಾವಿ ಮೇಷ್ಟ್ರು:
ಇಲ್ಲ ತಂಗಿ. ಮೊದಲಿಗೇ ರೇಟ್ ಲಿಸ್ಟ್ ಕಳಿಸಬೇಡಿ ಅಷ್ಟೇ. ಸೀರೆಯ ಒಡಲಿನ ಉದ್ದದ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸ್ತೀರಲ್ಲ, ಆ ಕೈಕೆಲಸದ ವಿಡಿಯೋ ಹಾಕಿ. ಪುಣೆಯವರಿಗೆ ಅದನ್ನ ನೋಡೋಕೆ ಎಲ್ಲಿ ಸಿಗುತ್ತೆ? ಯಾರಾದರೂ ಕೇಳಿದರೆ ಅವರಿಗೆ ಮಾತ್ರ ಬೆಲೆ ಹೇಳಿ, ಕೊಳ್ಳದಿದ್ದರೂ ಮಾತು ಮುಂದುವರಿಸಿ.