ಹೋಂಸ್ಟೇ ಸೈಟ್ ತುಂಬಾ ಸ್ಲೋ, ದೊಡ್ಡ ಸರ್ವರ್ ತಗೋಬೇಕಾ?

ತೋಟದಮನೆ_ಶಿರಸಿ:
ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಸೈಟು, ನಾನೇ ಮಾಡಿದ್ದು. ಮನೆಯ ವೈಫೈಯಲ್ಲಿ ಹೇಗೋ ತೆರೆಯುತ್ತದೆ. ಮೊನ್ನೆ ಗೋಕರ್ಣ ಮುಗಿಸಿ ದೇವಿಮನೆ ಘಟ್ಟ ಹತ್ತಿ ಬರುತ್ತಿದ್ದ ಒಂದು ಕುಟುಂಬ ನಮ್ಮ ಪುಟ ತೆರೆಯೋಕೆ ನೋಡಿದ್ದಾರೆ, ನೆಟ್‌ವರ್ಕ್ ಒಂದೇ ಕಡ್ಡಿ, ಬಿಳಿ ಪರದೆ ಬಿಟ್ಟು ಏನೂ ಬರಲಿಲ್ಲವಂತೆ, ಕೊನೆಗೆ ಬೇರೆ ಕಡೆ ಉಳಿದರು. ತುಂಬಾ ಬೇಜಾರಾಯಿತು. ಹೋಸ್ಟಿಂಗ್‌ನವರು ದುಪ್ಪಟ್ಟು ದುಡ್ಡಿನ ಪ್ಲಾನ್ ತಗೊಳ್ಳಿ ಅಂತಾರೆ. ತಗೊಳ್ಳಲಾ?

ಕಾರವಾರ_ಕಡಲು:
ಈಗಲೇ ದುಡ್ಡು ಹಾಕಬೇಡಿ ಮಾರಾಯ್ರೆ. ಮೊದಲು ಸಮಯ ಎಲ್ಲಿ ಹೋಗುತ್ತಿದೆ ನೋಡಿ. ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಒತ್ತಿ ನೆಟ್‌ವರ್ಕ್ ಅಂತ ಇರುವಲ್ಲಿ ಹೋಗಿ. ನಿಮ್ಮ ಸೈಟು ನಾನು ನೋಡಿದೆ: ಮೊದಲ ಬೈಟ್, ಅಂದರೆ ಸರ್ವರ್‌ನ ಉತ್ತರದ ಮೊದಲ ತುಣುಕು, ಬರೋಕೇ 2.6 ಸೆಕೆಂಡು. ಗೂಗಲ್ ಪ್ರಕಾರ 0.8ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ದೊಡ್ಡದು ಫೋಟೋಗಳು, ಮುಖಪುಟವೇ 31 ಎಂಬಿ! ಯಾಣದ ಬಂಡೆಯ ಫೋಟೋ 6000 ಪಿಕ್ಸೆಲ್ ಅಗಲ ಇದೆ, ಕ್ಯಾಮೆರಾದಿಂದ ಹಾಗೇ ಹಾಕಿದ್ದೀರಿ ಅಲ್ವಾ? 1200ಕ್ಕೆ ಇಳಿಸಿ, ವೆಬ್‌ಪಿ (ಕಡಿಮೆ ಜಾಗ ಹಿಡಿಯುವ ಫೋಟೋ ಫಾರ್ಮ್ಯಾಟ್) ಮಾಡಿ. ಕೆಳಗಿನ ಫೋಟೋಗಳಿಗೆ ಲೇಜಿ ಲೋಡಿಂಗ್ (ಅಲ್ಲಿಗೆ ಸರಿಸಿದಾಗ ಮಾತ್ರ ಫೋಟೋ ಇಳಿಯುವುದು) ಇರಲಿ, ಎಲ್ಲಕ್ಕಿಂತ ಮೇಲಿನದಕ್ಕೆ ಮಾತ್ರ ಬೇಡ, ಅದು ಇನ್ನೂ ತಡವಾಗುತ್ತದೆ.

ಹೊನ್ನಾವರದ_ಹುಡುಗಿ:
ಸರ್ವರ್ ಎಲ್ಲಿದೆ ಅಣ್ಣ? ಅಮೆರಿಕದಲ್ಲಿದ್ದರೆ ಡೇಟಾ ಒಂದು ಸಲ ಹೋಗಿ ಬರೋಕೇ 200 ಮಿಲಿಸೆಕೆಂಡಿನ ಮೇಲೆ ಬೇಕು. ಕನೆಕ್ಷನ್‌ಗೆ ಒಂದು ಸಲ, ಅದನ್ನು ಸುರಕ್ಷಿತ ಮಾಡುವ ಎಚ್‌ಟಿಟಿಪಿಎಸ್‌ಗೆ ಒಂದು ಸಲ, ಪುಟ ಕೇಳೋಕೆ ಇನ್ನೊಂದು ಸಲ, ಅಲ್ಲಿಗೆ 0.6 ಸೆಕೆಂಡು ಹೋಯಿತು. ಮುಂಬೈ ಸರ್ವರ್ ಸಿಕ್ಕರೆ ಅದರಲ್ಲಿ ಹೆಚ್ಚಿನದು ಉಳಿತಾಯ ಆಗುತ್ತದೆ. ಮಿಕ್ಕ 2 ಸೆಕೆಂಡು, ಬಂದವರಿಗೆಲ್ಲ ಅದೇ ಪುಟವನ್ನು ಪಿಎಚ್‌ಪಿ (ವರ್ಡ್‌ಪ್ರೆಸ್ ಓಡುವ ಪ್ರೋಗ್ರಾಮಿಂಗ್ ಭಾಷೆ) ಹೊಸದಾಗಿ ಕಟ್ಟಿ ಕೊಡುತ್ತಿರುವುದು. ಪೇಜ್ ಕ್ಯಾಶ್ ಹಾಕಿ, ಅಂದರೆ ಒಮ್ಮೆ ಕಟ್ಟಿದ ಪುಟವನ್ನೇ ಇಟ್ಟುಕೊಂಡು ಎಲ್ಲರಿಗೂ ಕೊಡುವುದು. ರೂಮು ಖಾಲಿ ಇದೆಯಾ ಅಂತ ತೋರಿಸುವ ಪುಟವನ್ನು ಮಾತ್ರ ಕ್ಯಾಶ್ ಮಾಡಬೇಡಿ, ಕೊಟ್ಟ ರೂಮೇ ಮತ್ತೆ ಖಾಲಿ ಅಂತ ಕಾಣುತ್ತದೆ. ಪಿಎಚ್‌ಪಿ 7.4 ಇದ್ದರೆ ಬದಲಿಸಿ, 2022ರ ನವೆಂಬರ್‌ಗೇ ಅದರ ಸಪೋರ್ಟ್ ಮುಗಿದಿದೆ.

ತೋಟದಮನೆ_ಶಿರಸಿ:
ಇಬ್ಬರಿಗೂ ಥ್ಯಾಂಕ್ಸ್. ರಾತ್ರಿ ಕೂತು ಫೋಟೋ ಎಲ್ಲ ಇಳಿಸಿದೆ, 31 ಎಂಬಿ ಇದ್ದದ್ದು ಈಗ 1.4. ಕ್ಯಾಶ್ ಹಾಕಿದ ಮೇಲೆ ಮೊದಲ ಬೈಟ್ 0.8ಕ್ಕೆ ಬಂತು, ಸರ್ವರ್ ಇನ್ನೂ ಅಮೆರಿಕದಲ್ಲೇ ಇದೆ. ಕ್ಯಾಶ್ ಹಾಕದ ಬುಕಿಂಗ್ ಪುಟ ಮಾತ್ರ ಈಗಲೂ 4 ಸೆಕೆಂಡು.

ಹೊನ್ನಾವರದ_ಹುಡುಗಿ:
ಕ್ವೆರಿ ಮಾನಿಟರ್ ಪ್ಲಗಿನ್ ಹಾಕಿ ನೋಡಿ, ಡೇಟಾಬೇಸ್‌ನಲ್ಲಿ ಯಾವ ಹುಡುಕಾಟ ತಡ ಅಂತ ತೋರಿಸುತ್ತದೆ. ಬುಕಿಂಗ್ ಟೇಬಲ್‌ನಲ್ಲಿ ತಾರೀಕಿನ ಕಾಲಮ್ಮಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯ ಹಾಗೆ, ಬೇಗ ಹುಡುಕೋಕೆ) ಇಲ್ಲದಿದ್ದರೆ ಹಳೆಯ ಬುಕಿಂಗ್ ಎಲ್ಲ ಒಂದೊಂದಾಗಿ ಹುಡುಕುತ್ತಾ ಕೂರುತ್ತದೆ. ಬ್ಯಾಕಪ್ ತೆಗೆದುಕೊಂಡೇ ಕೈ ಹಾಕಿ.

ತೋಟದಮನೆ_ಶಿರಸಿ:
ಹೌದು, ಇಂಡೆಕ್ಸ್ ಇರಲಿಲ್ಲ! ಹಾಕಿದೆ, ಈಗ 1 ಸೆಕೆಂಡು. ನಾಳೆ ಕುಮಟಾ ಬಸ್ಸಿಗೆ ಹೋಗುವುದಿದೆ, ದೇವಿಮನೆ ಘಟ್ಟದಲ್ಲಿ ಮೊಬೈಲಲ್ಲಿ ತೆರೆದು ನೋಡಿ ಹೇಳುತ್ತೇನೆ.